ಮೂರು ಫಿಲ್ಟರ್ ಹಾಕಿದವನು

“ಅಜ್ಜಾರ, ತಪ್ಪಾತು ಅಂತ ಮೂರು ಸಲ ಅಣ್ಣನ ಕಾಲು ಹಿಡದೀನ್ರಿ. ಇನ್ನೂ ಎಷ್ಟು ಸಲ ಹಿಡೀಬೇಕು?”

ಮಠದ ಅಜ್ಜನವರ ಮುಂದೆ ಕೂತು ಹೀಗೆ ಕೇಳುವಾಗ ಪಂಪಣ್ಣನ ಧ್ವನಿ ಸಿಟ್ಟಿಗೆ ಏರಿತ್ತು. ಹತ್ತು ವರ್ಷದಿಂದ ಮಠಕ್ಕೆ ನಡೆದುಕೊಳ್ಳುವ ಶಿಷ್ಯ ಅವನು. ಅಣ್ಣನ ಮಗಳ ಲಗ್ನಪತ್ರಿಕೆ ಊರಿಗೆಲ್ಲ ಹಂಚಿಯಾಗಿತ್ತು. ಅದರಲ್ಲಿ ಸೋದರಮಾವಂದಿರ ಹೆಸರಿತ್ತು, ದೂರದ ಬೀಗರ ಹೆಸರಿತ್ತು, ಸ್ವಂತ ಚಿಕ್ಕಪ್ಪನಾದ ಅವನ ಹೆಸರೊಂದೇ ಇರಲಿಲ್ಲ. ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ತಾನು. ಅಕ್ಷತೆ ಹಾಕುವುದಕ್ಕೂ ಕರೆಯದಿದ್ದರೆ ಹೇಗೆ?

ಆಗಿದ್ದು ಇಷ್ಟು. ಹೋದ ವರ್ಷ ಆ ಹುಡುಗಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂದಿತ್ತು. ಅಣ್ಣ ತನ್ನನ್ನು ಒಂದು ಮಾತು ಕೇಳಲಿಲ್ಲವೆಂಬ ಉರಿಗೆ ಪಂಪಣ್ಣ ಗಂಡಿನವರ ಮನೆಗೆ ಹೋಗಿ, ಹುಡುಗಿಗೆ ಮೂರ್ಛೆ ರೋಗವಿದೆ ಎಂದು ಸುಳ್ಳು ಹೇಳಿ ಬಂದ. ಸಂಬಂಧ ಮುರಿಯಿತು. ಹೇಳಿದವನು ಯಾರೆಂಬುದು ಅಣ್ಣನಿಗೆ ತಿಳಿಯದೆ ಉಳಿಯಲಿಲ್ಲ. ಅಜ್ಜನವರ ಮುಂದೆ ಮಾತ್ರ ಪಂಪಣ್ಣ, ಏನೋ ಮನಸ್ತಾಪ ಆಯಿತು, ತಾನು ತಗ್ಗಿ ಬಗ್ಗಿ ನಡೆದರೂ ಅಣ್ಣ ಹೊಟ್ಟೆಗೆ ಹಾಕಿಕೊಳ್ಳಲಿಲ್ಲ, ಎಂದಷ್ಟೇ ಹೇಳಿದ.

ಅಜ್ಜನವರು ಪೂರ್ವಾಶ್ರಮದಲ್ಲಿ ಲಾರಿ ಓಡಿಸಿದವರು. ಅವರ ಕತೆಗಳಲ್ಲಿ ರಾಜರು ಕಡಿಮೆ, ಗ್ಯಾರೇಜು ಹೆಚ್ಚು. ಅಂದು ಅವರು ಹೇಳಿದ್ದು ಹೀಗೆ.

ಒಬ್ಬ ಬೇಕರಿಯವನಿದ್ದ. ಅವನಿಗೊಂದು ವ್ಯಾನು. ಬೆಳಗಾಗುತ್ತಲೇ ಅದರಲ್ಲಿ ಬ್ರೆಡ್ಡು, ಬನ್ನು ತುಂಬಿಕೊಂಡು ಸುತ್ತಲ ಹಳ್ಳಿಗಳಿಗೆ ಹಾಕಿ ಬರುತ್ತಿದ್ದ. ವ್ಯಾನು ನಿಂತರೆ ಅವನ ಮನೆಯ ಒಲೆ ನಿಂತಂತೆ. ಗ್ಯಾರೇಜಿನ ಮೇಸ್ತ್ರಿಗಳೆಲ್ಲ ಕಳ್ಳರು ಎಂಬುದು ಅವನ ಸಿದ್ಧಾಂತ. ಆದ್ದರಿಂದ ಎಂಜಿನ್ ಆಯಿಲ್ ಬದಲಿಸಲು ಮನೆಯಂಗಳದಲ್ಲಿ ತಾನೇ ಕೂತ.

ಹಳೆಯ ಎಣ್ಣೆ ಇಳಿಸಿದ. ಎಣ್ಣೆ ಸೋಸುವ ಹಳೆಯ ಫಿಲ್ಟರ್ ಡಬ್ಬಿಯನ್ನು ತಿರುಗಿಸಿ ಬಿಚ್ಚಿ ಬಿಸಾಡಿದ. ಹೊಸದನ್ನು ಕೊಡುವಾಗ ಅಂಗಡಿಯವನು ಹೇಳಿಕೊಟ್ಟಿದ್ದನ್ನು ಶ್ರದ್ಧೆಯಿಂದ ಮಾಡಿದ. ಡಬ್ಬಿಯ ಬಾಯಿಗಿರುವ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿದ, ಕೈಯಿಂದಲೇ ತಿರುಗಿಸಿ ಕೂರಿಸಿದ, ಕೂತ ಮೇಲೆ ಮುಕ್ಕಾಲು ಸುತ್ತು ಬಿಗಿದ. ಫಿಲ್ಟರ್ ಕೂರುವ ಜಾಗವನ್ನು ಮೊದಲು ಬಟ್ಟೆಯಿಂದ ಒರೆಸಿ ನೋಡು ಎಂದದ್ದೊಂದನ್ನು ಬಿಟ್ಟ. ಹೊಸದು ಹಾಕುವವನಿಗೆ ಹಳೆಯದರ ಗೊಡವೆ ಏಕೆ?

ಹೊಸ ಎಣ್ಣೆ ಸುರಿದು ಎಂಜಿನ್ ಚಾಲೂ ಮಾಡಿದ. ಎಣ್ಣೆ ಸೋರಿತು. ಪಾನಾ ಹಾಕಿ ಇನ್ನಷ್ಟು ಬಿಗಿದ, ಇನ್ನಷ್ಟು ಸೋರಿತು. ಮಾಲು ನಕಲಿ ಎಂದು ಬೈದು ಎರಡನೆಯ ಫಿಲ್ಟರ್ ತಂದ. ಅದೂ ಸೋರಿತು. ಮತ್ತೆ ಹೋಗಿ ಬೇರೆ ಕಂಪನಿಯ ಮೂರನೆಯದು ತಂದು ಹಾಕಿದ. ಈ ಸಲ ತುಸು ಕಡಿಮೆ ಸೋರಿದಂತೆ ಕಂಡಿತು. ಅಷ್ಟಕ್ಕೇ ಗೆದ್ದೆನೆಂದು ಬ್ರೆಡ್ಡು ತುಂಬಿಕೊಂಡು ಹೊರಟ. ನಾಲ್ಕನೆಯ ಹಳ್ಳಿ ಮುಟ್ಟುವ ಮೊದಲೇ ಎಣ್ಣೆಯೆಲ್ಲ ಖಾಲಿಯಾಗಿ ಎಂಜಿನ್ ಹಿಡಿದುಕೊಂಡು ನಿಂತಿತು. ಮತ್ತೆ ಅದು ಏಳಲಿಲ್ಲ.

ಬೇಕರಿಯವನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ವ್ಯಾನನ್ನು ಅಂಗಡಿಯ ಬಾಗಿಲಿಗೇ ಎಳೆಸಿಕೊಂಡು ಬಂದ. ಗಿರಾಕಿಗಳ ಎದುರಿಗೆ ಅಂಗಡಿಯವನ ಮೂರು ತಲೆಮಾರನ್ನು ಜಾಲಾಡಿದ. ಅಂಗಡಿಯವನು ವ್ಯಾನಿನ ಕೆಳಗೆ ತೂರಿ, ಫಿಲ್ಟರ್ ಬಿಚ್ಚಿ, ಅದು ಕೂರುವ ಜಾಗವನ್ನು ಒರೆಸಿದ. ಅಲ್ಲಿಂದ ಒಂದು ಕರಿಯ ರಬ್ಬರ್ ಉಂಗುರವನ್ನು ಉಗುರಿನಿಂದ ಕೆದಕಿ ಎಬ್ಬಿಸಿ ತಂದು, ಬೇಕರಿಯವನ ಅಂಗೈಯಲ್ಲಿಟ್ಟ.

“ಇದು ನಿಮ್ಮ ಹಳೇ ಫಿಲ್ಟರಿಂದ್ರಿ. ಡಬ್ಬಿ ಬಿಚ್ಚಿದ್ರಿ, ಇದು ಅಲ್ಲೇ ಅಂಟಿಕೊಂಡು ಕುಂತಿತ್ತು. ಇದರ ಮ್ಯಾಲೆ ಬಂಗಾರದ್ದು ಹಾಕಿದ್ರೂ ಸೋರತೈತಿ,” ಎಂದ.

ಹಾಗಾದರೆ ತಪ್ಪು ಹಳೆಯ ಫಿಲ್ಟರ್ ಮಾಡಿದವನದು ಎಂದು ಬೇಕರಿಯವನು ಅವನನ್ನು ಬೈಯತೊಡಗಿದ.

ಕತೆ ಇಲ್ಲಿಗೆ ಬಂದಾಗ ಪಂಪಣ್ಣನಿಗೆ ತಡೆಯಲಾಗಲಿಲ್ಲ. ಅನ್ನ ಕೊಡುವ ಎಂಜಿನ್ನನ್ನು ಕೈಯಾರೆ ಕೊಂದು, ಕಂಡಕಂಡವರ ಮೇಲೆ ಹರಿಹಾಯುವ ಆ ಮನುಷ್ಯನನ್ನು ನೆನೆದು ಅವನ ಮೈಯೆಲ್ಲ ಉರಿಯಿತು. ತನ್ನ ಸಂಕಟವನ್ನೂ ಅವನು ಆ ಗಳಿಗೆಗೆ ಮರೆತ.

“ಎಂಥಾ ಮನಿಶಾನ್ರೀ ಅವಾ? ಮೂರು ಹೊಸಾವು ಹಾಕಿದಾಂವಗ, ಹಳೇದು ಏನು ಉಳದೈತಿ ಅಂತ ಒಂದು ಸಲ ಒರಿಸಿ ನೋಡಾಕ ಏನಾಗಿತ್ತು?”

ಅಜ್ಜನವರು ಅವನ ಮುಖವನ್ನೇ ನೋಡಿದರು.

“ತಪ್ಪಾತು ಅಂತ ಮೂರು ಸಲ ಅಂದೀಯಪ್ಪ, ಏನು ತಪ್ಪು ಮಾಡೀನಿ ಅಂತ ಅಣ್ಣನ ಮುಂದ ಒಂದು ಸಲನಾದ್ರೂ ಅಂದೀಯೇನು?”