ಅಧ್ಯಕ್ಷರ ಅಕ್ಷರ

"ನನ್ನ ಭಾಷಣ ವೆಬ್‌ಸೈಟಿಗೆ ಹಾಕಮ್ಮ. ಒಂದಕ್ಷರ ಬದಲಾದರೂ ನಾಳೆಯಿಂದ ಕೆಲಸಕ್ಕೆ ಬರಬೇಡ!" ಎಂದು ಬಡಾವಣೆ ಸಂಘದ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಗುಮಾಸ್ತೆಗೆ ಗುಡುಗಿದರು.

ಭಾಷಣ ಅವರ ಕಂಪ್ಯೂಟರಿನಲ್ಲಷ್ಟೇ ಓದಲು ಬರುವ ಹಳೇ ಫಾಂಟಿನಲ್ಲಿತ್ತು. ಅವಳು ಹೇಳಹೋದಳು. "ಎದುರು ಮಾತು ಬೇಡ" ಅಂದರು. ಸರಿ, ಇದ್ದಂತೆಯೇ ಹಾಕಿದಳು.

ಮರುದಿನ ಅಧ್ಯಕ್ಷರು ಮೊಬೈಲ್ ಹಿಡಿದು ಓಡಿಬಂದರು. "ಏನಮ್ಮಾ ಇದು? 'ಅಧ್ಯಕ್ಷರು' ಅಂತ ಇದ್ದಲ್ಲಿ 'CzsÀåPÀëgÀÄ' ಅಂತಿದೆ!"

"ನಿಮ್ಮದೇ ಅಕ್ಷರ ಸಾರ್. ಒಂದನ್ನೂ ಮುಟ್ಟಿಲ್ಲ."

"ಏನಾದರೂ ಮಾಡು ತಾಯಿ!"

ಅವಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ, ಹಳೇ ಫಾಂಟಿನ ಒಂದೊಂದು ಅಕ್ಷರವನ್ನೂ ಎಲ್ಲೆಡೆ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸುವ ಪರಿವರ್ತಕ ತೆರೆದು, ಭಾಷಣ ಸುರಿದು, ಗುಂಡಿ ಒತ್ತಿದಳು. ವೆಬ್‌ಸೈಟಿನಲ್ಲಿ ಕನ್ನಡ ಮೂಡಿತು.

ಅಧ್ಯಕ್ಷರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಒಂದಕ್ಷರವೂ ಬದಲಾಗಿಲ್ಲವಲ್ಲ!"

"ಎಲ್ಲ ಅಕ್ಷರಗಳೂ ಬದಲಾಗಿವೆ ಸಾರ್. ನಾಳೆಯಿಂದ ಕೆಲಸಕ್ಕೆ ಬರಲೋ, ಬೇಡವೋ?"