ಕೊನೆಯ ಊರಿನ ಸರದಿ

"ಗುರುಗಳೇ, ಅಮೆರಿಕದವರು ಇಂಗ್ಲೆಂಡಿನ ದೊರೆಯ ಆಳ್ವಿಕೆ ಒಲ್ಲೆವೆಂದು ಹೋರಾಡಿ ಗೆದ್ದರು. ಗೆಲ್ಲಿಸಿಕೊಟ್ಟ ಸೇನಾಪತಿಯನ್ನೇ ಮೊದಲ ಅಧ್ಯಕ್ಷನನ್ನಾಗಿ ಆರಿಸಿಕೊಂಡರು. ಆದರೆ ಅವರ ಸಂವಿಧಾನ ಅಂಥವನಿಗೂ ಪೂರ್ತಿ ಅಧಿಕಾರ ಕೊಡಲಿಲ್ಲ. ಕಾನೂನು ಮಾಡಲು ಸಭೆ, ನಡೆಸಲು ಅಧ್ಯಕ್ಷ, ತೀರ್ಪು ಹೇಳಲು ನ್ಯಾಯಾಲಯ ಎಂದು ಹಂಚಿಬಿಟ್ಟಿತು. ಒಳ್ಳೆಯವನ ಕೈಯನ್ನೂ ಕಟ್ಟುವುದು ಅವನಿಗೆ ಮಾಡಿದ ಅವಮಾನವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ದೊಡ್ಡ ಕೆರೆಯ ಕೆಳಗೆ ಹಲವು ಊರುಗಳಿದ್ದವು. ಕೆರೆಯ ತೂಬು ಒಬ್ಬ ಪಾಳೆಯಗಾರನ ಕೈಯಲ್ಲಿತ್ತು. ಅವನು ಮನಸ್ಸಿಗೆ ಬಂದವರಿಗೆ ನೀರು ಬಿಡುತ್ತಿದ್ದ. ಊರುಗಳು ಒಂದಾಗಿ, ಒಬ್ಬ ರೈತನನ್ನು ಮುಂದಿಟ್ಟುಕೊಂಡು ಪಾಳೆಯಗಾರನನ್ನು ಓಡಿಸಿದವು.

ಆಮೇಲೆ ಪ್ರತಿ ಊರೂ ತನಗೆ ತಾನೇ ದೊರೆಯಾಯಿತು. ಕೆರೆಯ ಏರಿ ಬಿರುಕು ಬಿಟ್ಟಾಗ ಮಣ್ಣು ಹಾಕಿ ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಬುಟ್ಟಿ ಎತ್ತಿದವರಿಲ್ಲ. ಏರಿ ಒಡೆಯುವ ಹೊತ್ತಿಗೆ ಬುದ್ಧಿ ಬಂತು. ಊರೂರಿನವರು ಕೂತರು, ಜಗಳವಾಡಿ ಎದ್ದು ಹೋದರು, ಮತ್ತೆ ಬಂದು ಕೂತರು. ಕೊನೆಗೆ ಒಂದು ಕಟ್ಟಳೆ ಮಾಡಿ ಏರಿಯ ಮೇಲೆ ಕಲ್ಲಿನಲ್ಲಿ ಕೆತ್ತಿಸಿದರು. ನೀರಿನ ಸರದಿಯನ್ನು ಊರುಗಳ ಸಭೆ ಗೊತ್ತುಮಾಡಬೇಕು. ಅದರಂತೆ ಯಜಮಾನ ನೀರು ಬಿಡಬೇಕು. ತಕರಾರು ಬಂದರೆ ಪಂಚರು ತೀರ್ಮಾನಿಸಬೇಕು. ಆದರೆ ನೀರು ಕಡಿಮೆಯಾದ ವರ್ಷ ಕಾಲುವೆಯ ಕೊನೆಯ ಊರಿಗೇ ಮೊದಲ ಸರದಿ. ಅದಿಲ್ಲದೆ ಕೂಡುವುದಿಲ್ಲವೆಂದು ಆ ಚಿಕ್ಕ ಊರು ಹಟ ಹಿಡಿದಿತ್ತು.

ಯಜಮಾನ ಯಾರೆಂದು ಕೇಳಬೇಕಾಗಲಿಲ್ಲ. ಎಲ್ಲರೂ ಆ ರೈತನತ್ತ ಕೈ ತೋರಿಸಿದರು.

ಒಂದು ವರ್ಷ ಕೆರೆ ಅರ್ಧವೂ ತುಂಬಲಿಲ್ಲ. ಕೊನೆಯ ಊರಿನಲ್ಲಿ ಒಬ್ಬ ವಿಧವೆಯಿದ್ದಳು. ಬಂಡೆಗಳ ನಡುವಿನ ನೆಲವನ್ನು ತಾನೇ ಅಗೆದು ಗದ್ದೆ ಮಾಡಿಕೊಂಡವಳು. ಅವಳ ಭತ್ತ ತೆನೆಗೆ ಬಂದಿತ್ತು, ಕಾಲುವೆ ಮಾತ್ರ ಒಣಗಿತ್ತು. ಅವಳು ಕಾಲುವೆಯ ಗುಂಟ ನಡೆದಳು. ದೊಡ್ಡ ಊರಿನ ಬಳಿ ಯಜಮಾನ ಕಾಲುವೆಗೆ ಒಡ್ಡು ಹಾಕಿ ನೀರನ್ನು ಅಲ್ಲಿಯ ಗದ್ದೆಗಳಿಗೆ ತಿರುಗಿಸಿದ್ದ. ತನ್ನ ಗದ್ದೆಗೆ ಒಂದು ಹನಿಯನ್ನೂ ಬಿಟ್ಟುಕೊಂಡಿರಲಿಲ್ಲ. ದೊಡ್ಡ ಊರಿನಲ್ಲಿ ಉಣ್ಣುವ ಬಾಯಿ ಹೆಚ್ಚು, ಚಿಕ್ಕ ಊರಿಗೆ ಆಮೇಲೆ ಕಾಳು ಹಂಚಿದರಾಯಿತು ಎಂಬುದು ಅವನ ಯೋಚನೆ.

ಅವಳು ಪಂಚರಿಗೆ ದೂರು ಕೊಟ್ಟಳು. ಪಂಚರು ಒಡ್ಡಿನ ಬಳಿಯೇ ಸೇರಿದರು. ದೊಡ್ಡ ಊರಿನವರು ದೊಣ್ಣೆ ಹಿಡಿದು ಬಂದರು.

"ಯಾರ ಮೇಲೆ ದೂರು ತಂದಿದ್ದೀ, ಗೊತ್ತೇನೇ? ಇವನಿಲ್ಲದಿದ್ದರೆ ನೀನು ಇನ್ನೂ ಪಾಳೆಯಗಾರನ ಕೊಟ್ಟಿಗೆ ಗುಡಿಸುತ್ತಿದ್ದೆ," ಎಂದು ಒಬ್ಬ ಹಂಗಿಸಿದ.

"ಗುಡಿಸಿದ್ದೇನಪ್ಪ. ಅದಕ್ಕೇ ಆ ನಾತ ನನ್ನ ಮೂಗಿಗೆ ಬೇಗ ಬಡಿಯುತ್ತದೆ," ಎಂದಳು ವಿಧವೆ.

ಯಜಮಾನ ನೊಂದುಕೊಂಡ. "ನನಗಾಗಿ ತೆಗೆದುಕೊಂಡೆನೇ ತಾಯಿ? ನಿನ್ನ ಊಟಕ್ಕೆ ನಾನು ಹೊಣೆ. ನನ್ನ ಮೇಲೆ ನಂಬಿಕೆಯಿಲ್ಲವೇ?"

"ಇದೆ, ಅಣ್ಣ. ನೀನು ಒಳ್ಳೆಯವನು, ಅದಕ್ಕೇ ಇವತ್ತೇ ತಡೆಯುತ್ತಿದ್ದೇನೆ. ಮುಂದೆ ನಿನ್ನ ಜಾಗಕ್ಕೆ ಕೆಟ್ಟವನೊಬ್ಬ ಬರುತ್ತಾನೆ. ಕಲ್ಲು ತೋರಿಸಿದರೆ, ಅಷ್ಟು ದೊಡ್ಡ ಮನುಷ್ಯನೇ ಮೀರಿದ್ದನಲ್ಲ ಎನ್ನುತ್ತಾನೆ. ಆಗ ನನ್ನ ಮಕ್ಕಳು ಏನು ಹೇಳಬೇಕು? ನೀನು ಬಡಿಸುವ ಊಟ ನನಗೆ ಬೇಡ. ನನ್ನ ನೀರು ಬಿಡು."

ಸರದಿ ಕೊನೆಯ ಊರಿನದು ಎಂದು ಪಂಚರು ತೀರ್ಪು ಹೇಳಿದರು. ಅವರ ಕೈಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ದೊಣ್ಣೆಗಳೆಲ್ಲ ಯಜಮಾನನ ಹಿಂದೆ ನಿಂತಿದ್ದವು. ಅವನು ಕಣ್ಸನ್ನೆ ಮಾಡಿದ್ದರೆ ಕಟ್ಟಳೆಯ ಕಲ್ಲು ಕೆರೆಯ ತಳ ಸೇರುತ್ತಿತ್ತು.

ಯಜಮಾನ ಪಂಚೆ ಎತ್ತಿ ಕಟ್ಟಿದ. ಗುದ್ದಲಿ ಹಿಡಿದು ಕಾಲುವೆಗೆ ಇಳಿದ. ಅಡ್ಡ ಬಂದ ತನ್ನವರನ್ನು, "ಪಂಚರ ಮಾತು ಕಿವಿಗೆ ಬೀಳಲಿಲ್ಲವೇ? ಸರಿಯಿರಿ ಪಕ್ಕಕ್ಕೆ!" ಎಂದು ಗದರಿದ. ತಾನು ಹಾಕಿದ ಒಡ್ಡನ್ನು ತಾನೇ ಕಡಿದ.

ನೀರು ನುಗ್ಗಿತು. ವಿಧವೆ ಸೆರಗು ಬಿಗಿದು ನೀರಿನ ಜೊತೆಗೇ ಓಡಿದಳು. ಕೊನೆಯ ಊರಿನವರು ಬದುಗಳ ಮೇಲೆ ನಿಂತು ತಮಟೆ ಬಡಿದರು. ಅವಳು ತನ್ನ ಗದ್ದೆಯ ಬಾಯಿ ಬಿಡಿಸಿ, ಮೊಣಕಾಲುದ್ದ ಕೆಸರಿನಲ್ಲಿ ತಲೆಯೆತ್ತಿ ನಿಂತಳು. ನೀರು ಭತ್ತದ ಬುಡಕ್ಕೆ ಹರಿಯಿತು.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ವಿಧವೆ ಗೆದ್ದಳು, ಆ ಒಳ್ಳೆಯ ಯಜಮಾನ ಸೋತ," ಎಂದ ಶಿಷ್ಯ.

"ಅವತ್ತು ಇಬ್ಬರೂ ಗೆದ್ದರಪ್ಪ, ಸೋತವನು ಇನ್ನೂ ಹುಟ್ಟಿರಲಿಲ್ಲ."