ಸಾವಿರ ಎಲೆ, ಎರಡು ಸೌಟು

ಕಂಚಿನಕೋಟೆಯ ದೊರೆ ಉದಯಮಲ್ಲ ಒಂದು ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಹೇಳಿದ: "ಊರಾಚೆಯ ಬಯಲಿನಲ್ಲಿ ಸಾವಿರ ಮನೆ ಕಟ್ಟಿಸುತ್ತೇನೆ. ಐವತ್ತಾರು ದೇಶದ ಜನ ಬಂದು ನೆಲೆಸಲಿ. ಇಂಥ ಪಟ್ಟಣ ಕಟ್ಟಿಸಿದ ದೊರೆ ಇನ್ನೊಬ್ಬನಿದ್ದಾನೆಯೇ?"

"ಭೇಷ್!" ಎಂದ ವಿದೂಷಕ ಸಿಂಗಣಯ್ಯ.

ಅಂದದ್ದು ಅವನಲ್ಲ, ಅವನ ನಾಲಿಗೆ. ಅರಮನೆಯ ತುಪ್ಪ ತಿಂದು ಬೆಳೆದ ನಾಲಿಗೆ. ದೊರೆ ಬಾಯಿ ಮುಚ್ಚುವುದರೊಳಗೆ ಭೇಷ್ ಅನ್ನುವುದು ಅದಕ್ಕೆ ರೂಢಿ. ಊರಿಗೆಲ್ಲ ಇರುವುದು ಒಂದೇ ಸಿಹಿನೀರಿನ ಬಾವಿ ಎಂಬುದು ಸಿಂಗಣಯ್ಯನಿಗೆ ಹೊಳೆದದ್ದು ಮನೆಯ ದಾರಿ ಹಿಡಿದ ಮೇಲೆ. ಮಹಾಬುದ್ಧಿವಂತನೆಂದು ಹೆಸರು ಬೇರೆ!

ಬಾವಿಕಟ್ಟೆಯಲ್ಲಿ ಹೆಂಗಸರು ಅವನನ್ನು ಮುತ್ತಿಕೊಂಡರು. ಊರಿನ ಒಬ್ಬಳೇ ಸೂಲಗಿತ್ತಿ ಗೌರಕ್ಕ ಕೊಡ ಕುಕ್ಕಿ ನಿಂತಳು.

"ಏನ್ ಸಿಂಗಣಯ್ನೋರೆ, ಭೇಷ್ ಅಂದ್ರಂತೆ! ಈಗ್ಲೇ ಬೇಸಿಗೇಲಿ ಕೊಡದ ತಳಕ್ಕೆ ಕೆಸರು ಬರ್ತದೆ. ಸಾವಿರ ಮನೆಯೋರಿಗೆ ಏನು ಕುಡಿಸ್ತೀರಿ, ನಿಮ್ಮ ಹಾಸ್ಯಾನ? ಅಷ್ಟು ಮನೆ ಬಾಣಂತನಾನೂ ನಾನೊಬ್ಳೇ ಮಾಡ್ಲಾ?"

"ಬರೋರ ಮೇಲೆ ಯಾಕೆ ಕೋಪ, ಗೌರಕ್ಕ?"

"ಅವ್ರ ಮೇಲೆ ನಮಗೆಂಥಾ ಹಗೆ? ಅವ್ರಿಗೂ ಬಾಯಾರ್ತದಲ್ಲ!"

ಸಿಂಗಣಯ್ಯನಿಗೆ ತಲೆ ತಗ್ಗಿಸುವಂತಾಯಿತು. ಮರುದಿನ ದೊರೆಯ ಮುಂದೆ ನಿಂತು, "ಪ್ರಭು, ನೀರಿಗೆ ಒಂದೇ ಬಾವಿ, ಬಾಣಂತನಕ್ಕೆ ಗೌರಕ್ಕ ಒಬ್ಬಳೇ..." ಎಂದ.

"ಮೊದಲು ಮನೆ ಏಳಲಿ. ನೀರುನಿಡಿ ತಾನಾಗಿ ಬರುತ್ತದೆ," ಎಂದ ದೊರೆ. "ನಾಡಿದ್ದು ಗುದ್ದಲಿಪೂಜೆ, ಊರಿಗೆಲ್ಲ ಊಟ. ಅದರ ಉಸ್ತುವಾರಿ ನಿನ್ನದು."

"ಭೇಷ್!" ಎಂದಿತು ನಾಲಿಗೆ. ಈ ಸಲ ಬುದ್ಧಿಯೂ ಅದರ ಜೊತೆಗೇ ಓಡಿ ಬಂತು.

ಕಂಚಿನಕೋಟೆಯಲ್ಲಿ ಒಂದು ಪದ್ಧತಿ. ಪಂಕ್ತಿಯ ಕಟ್ಟಕಡೆಯ ಎಲೆಗೆ ಅನ್ನ ಬೀಳುವವರೆಗೆ ದೊರೆಯೂ ತುತ್ತು ಎತ್ತುವಂತಿಲ್ಲ, ಎಲೆ ಬಿಟ್ಟು ಏಳುವಂತೆಯೂ ಇಲ್ಲ.

ಪೂಜೆಯ ದಿನ ಅರಮನೆಯ ಬಾಗಿಲಿನಿಂದ ಬಯಲಿನವರೆಗೆ ಸಾವಿರ ಎಲೆ ಬಿತ್ತು. ಅಡಿಗೆಯವರು ಮಾತ್ರ ದಿನನಿತ್ಯದ ಇಬ್ಬರೇ, ಸೌಟೂ ಎರಡೇ. ಒಂದು ಹಂಡೆ ಬರಿದಾದರೆ ಅವರೇ ಓಡಿಹೋಗಿ ಇನ್ನೊಂದಕ್ಕೆ ಎಸರಿಡಬೇಕು.

ದೊರೆಯ ಎಲೆಗೆ ಮೊದಲು ಬಡಿಸಿದರು. ಹೊತ್ತು ನೆತ್ತಿಗೇರಿತು. ಅನ್ನ ಆರಿತು, ಹಪ್ಪಳ ಮೆತ್ತಗಾಯಿತು, ಪಾಯಸಕ್ಕೆ ನೊಣ ಮುತ್ತಿತು. ಪಕ್ಕದಲ್ಲಿ ಕೂತ ಸಿಂಗಣಯ್ಯನ ಪಾಡು ನಾಯಿಗೂ ಬೇಡ. ಅರಮನೆಯ ಊಟವೆಂದು ಹಿಂದಿನ ರಾತ್ರಿಯೇ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ ಆಸೆಬುರುಕ ಅವನು.

"ಬಡಿಸುವವರು ಎಲ್ಲಿಗೆ ಬಂದರೋ?" ದೊರೆ ಹಲ್ಲು ಕಡಿದ.

"ಇನ್ನೂ ಗುಡಿ ದಾಟಿಲ್ಲ, ಪ್ರಭು."

"ಇಷ್ಟು ಎಲೆ ಹಾಕಿಸಿದವನಿಗೆ ಅಡಿಗೆಯವರನ್ನು ಹೆಚ್ಚಿಸಬೇಕೆಂದು ಹೊಳೆಯಲಿಲ್ಲವೇ, ಮಂಕೇ?"

"ಎಲೆ ಹಾಕಿದರೆ ಅನ್ನ ತಾನಾಗಿ ಬರುತ್ತದೆ ಅಂದುಕೊಂಡೆ, ಪ್ರಭು. ದೊಡ್ಡವರು ಮಾಡುವ ಲೆಕ್ಕಾಚಾರ, ನಾನೂ ಒಂದು ದಿನ ಮಾಡಿ ನೋಡೋಣವೆನ್ನಿಸಿತು. ದಡ್ಡನ ಕೈಗೆ ಸಿಕ್ಕಿದ್ದಕ್ಕೋ ಏನೋ, ಕೂಡಿಬರಲಿಲ್ಲ."

ದೊರೆ ತಣ್ಣಗಾದ ಅನ್ನವನ್ನು ನೋಡಿದ. ಖಾಲಿ ಎಲೆಗಳ ಮುಂದೆ ಬಾಯಿ ಒಣಗಿಸಿಕೊಂಡು ಕೂತ ಸಾಲನ್ನು ನೋಡಿದ. ಕೋಪಿಸಿಕೊಳ್ಳಲು ಬಾಯಿ ತೆರೆದರೆ ಹೊಟ್ಟೆಯೇ ಮೊದಲು ಗುರ್‍ರೆಂದಿತು. ಅವನಿಗೆ ನಗು ತಡೆಯಲಾಗಲಿಲ್ಲ.

"ಸಾಕು ಮಾರಾಯ! ನಾಳೆಯಿಂದ ಬಾವಿ ತೋಡಲಿ, ಗೌರಕ್ಕನ ಕೈಯಲ್ಲಿ ಇನ್ನಷ್ಟು ಸೂಲಗಿತ್ತಿಯರು ಪಳಗಲಿ. ಎಷ್ಟು ನೀರು ಬರುತ್ತದೋ ಅಷ್ಟೇ ಮನೆ. ನಿನಗೇನು ಬೇಕು ಹೇಳು. ಉಂಬಳಿ ಕೊಡಲೇ?"

ಸಿಂಗಣಯ್ಯ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡ.

"ಉಂಬಳಿ ಹಾಗಿರಲಿ, ಬೇಗ ಇನ್ನಷ್ಟು ಅಡಿಗೆಯವರನ್ನು ಕರೆಸಿ, ಪ್ರಭು. ನಿಮಗೆಂದು ತೋಡಿದ ಗುಂಡಿಯಲ್ಲಿ ನಿನ್ನೆ ರಾತ್ರಿಯೇ ಬಿದ್ದವನು ನಾನು!"